ಬಯಲಿನ ಮಣ್ಣು ಕದ್ದವನು

"ನಂಬಿದರೆ ನಂಬಿ, ಬಿಟ್ಟರೆ ಬಿಡಿ ಬುದ್ಧೀ. ನಂಬುವ ಮಾತೇ ಅಲ್ಲ ಇದು. ಎಷ್ಟು ಹೊತ್ತು ಓಡಿತು ಎಂದು ಕೇಳದೆ, ಓಡುವ ವಸ್ತುವಿನ ವೇಗವನ್ನು ಯಾರಾದರೂ ಹೇಳಬಲ್ಲರೇ?"

ಭರಮಣ್ಣ ಗುರುಗಳ ಎದುರು ಚಾಪೆ ಹಾಸಿ ಕೂತು ಹೀಗೆ ಕೇಳಿದ. ಕೇಳಿದ ಎನ್ನುವುದಕ್ಕಿಂತ ಸವಾಲು ಹಾಕಿದ ಎಂದರೆ ಸರಿ. ಚಾಪೆಯ ಅಂಚನ್ನು ತೊಡೆಯ ಕೆಳಗೆ ಮಡಚಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಉತ್ತರ ಬರಲಿ ನೋಡೋಣ ಎಂಬಂತೆ ಕೂತ.

ಅವನು ಹಳ್ಳಿಯಿಂದ ಬಂದವನು. ಅವನ ಹಳ್ಳಿಯಲ್ಲಿ ಅವನಷ್ಟು ಚುರುಕಾಗಿ ಲೆಕ್ಕ ಬಿಡಿಸುವವರು ಯಾರೂ ಇರಲಿಲ್ಲ. ಇದನ್ನು ಹಳ್ಳಿಯವರು ಹೇಳುತ್ತಿದ್ದರೋ ಇಲ್ಲವೋ, ಅವನಂತೂ ಹೇಳುತ್ತಿದ್ದ. ಕಣದ ರಾಶಿಯನ್ನು ದೂರದಿಂದ ನೋಡಿ ಇಷ್ಟೇ ಖಂಡುಗ ಎನ್ನುವವನು ತಾನು, ತನ್ನ ಎದುರು ಈ ಮಠದ ಮರಳಿನ ಲೆಕ್ಕ ಯಾವ ಲೆಕ್ಕ ಎಂದು ಬಂದ ದಿನವೇ ಹೇಳಿದ್ದ.

ಹಿಂದಿನ ದಿನ ಗುರುಗಳು ಮರಳಿನ ಮೇಲೆ ಒಂದು ಇಳಿಜಾರು ಬರೆದಿದ್ದರು. ಮೇಲೆ ಸ್ವಲ್ಪ ಓರೆ, ನಡುವೆ ಕಡಿದು, ಕೆಳಗೆ ಚಪ್ಪಟೆ. "ಇದರ ಮೇಲೆ ನಿಂತಲ್ಲಿಂದ ಹೊರಟ ಒಂದು ಗುಂಡು ಇಳಿಯುತ್ತದೆ. ಜಾಗ ಬದಲಾದಂತೆ ಅದನ್ನು ಎಳೆಯುವ ಬಲವೂ ಬದಲಾಗುತ್ತದೆ. ಎಲ್ಲಿ ಎಷ್ಟು ಎಂದು ಪಕ್ಕದಲ್ಲಿ ಬರೆದಿದ್ದೇನೆ. ತಳ ಮುಟ್ಟುವಾಗ ಅದರ ವೇಗವೆಷ್ಟು?" ಎಂದು ಕೇಳಿದ್ದರು.

ಎಲ್ಲರಿಗಿಂತ ಮೊದಲು ಎದ್ದವನು ಭರಮಣ್ಣನೇ. "ಎಷ್ಟು ಹೊತ್ತು ಇಳಿಯಿತು ಹೇಳಿ ಬುದ್ಧೀ. ರೆಪ್ಪೆ ಬಡಿಯುವುದರೊಳಗೆ ವೇಗ ಹೇಳುತ್ತೇನೆ."

"ಹೊತ್ತು ಗೊತ್ತಿಲ್ಲ" ಎಂದಿದ್ದರು ಗುರುಗಳು.

"ಹೊತ್ತು ಗೊತ್ತಿಲ್ಲದವನಿಗೆ ವೇಗವೂ ಗೊತ್ತಿಲ್ಲ" ಎಂದು ನಕ್ಕು ಅವನು ಕೂತುಬಿಟ್ಟಿದ್ದ.

ಆಮೇಲೆ ಎದ್ದವನು ಚನ್ನಮಲ್ಲ. ಭರಮಣ್ಣನಿಗಿಂತ ತಡವಾಗಿ ಮಠಕ್ಕೆ ಬಂದವನು, ಮಾತು ಕಡಿಮೆ. ಅವನು ಮರಳಿನ ಬಳಿ ಕೂತು ಇಳಿಜಾರಿನ ಉದ್ದಕ್ಕೂ ಬೆರಳು ಆಡಿಸಿದ. ತುಟಿ ಅಲುಗಿತು. ವೇಗ ಹೇಳಿದ. ಗುರುಗಳು ತಲೆಯಾಡಿಸಿದರು.

ಆ ತಲೆಯಾಟ ಭರಮಣ್ಣನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತು. ಪೇಟೆಯಲ್ಲಿ ಗಣಿತದ ಗೋಷ್ಠಿ ಇತ್ತು. ಮಠದಿಂದ ಒಬ್ಬನಿಗೇ ಅಲ್ಲಿ ಆಸನ. ಆ ಒಬ್ಬನ ಹೆಸರನ್ನು ಗುರುಗಳು ಈ ಸವಾಲಿನ ಮರುದಿನ ಸಂಜೆ ಹೇಳುವವರಿದ್ದರು. ಆ ಆಸನ ತನ್ನದೇ ಎಂದು ಭರಮಣ್ಣ ಊರಿಗೆಲ್ಲ ಹೇಳಿ ಕಳಿಸಿಯಾಗಿತ್ತು.

"ಅವನ ಹತ್ತಿರ ಏನೋ ಇದೆ ಬುದ್ಧೀ" ಎಂದ ಈಗ. "ನಾನು ಕಣ್ಣಿಟ್ಟು ನೋಡಿದ್ದೇನೆ. ಉತ್ತರ ಹೇಳುವ ಹೊತ್ತಿನಲ್ಲಿ ಅವನು ಏನೂ ಮಾಡುವುದಿಲ್ಲ. ಬೆವರುವುದಿಲ್ಲ, ತಲೆ ಕೆರೆದುಕೊಳ್ಳುವುದಿಲ್ಲ. ಸುಮ್ಮನೆ ಕೂತಿರುತ್ತಾನೆ, ಉತ್ತರ ಬರುತ್ತದೆ. ಏನೂ ಮಾಡದವನಿಗೆ ಅದು ಎಲ್ಲಿಂದ ಬರುತ್ತದೆ? ನೀವೇ ಹೇಳಿ."

ಗುರುಗಳು ಅವನನ್ನೂ ಅವನ ಚಾಪೆಯನ್ನೂ ಒಮ್ಮೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟ. ಅಲ್ಲಿ ಇಬ್ಬರು ಕಲ್ಲುಕುಟಿಗರು. ಒಬ್ಬ ಹಳಬ, ಅವನ ಮನೆಯವರು ತಾತನ ಕಾಲದಿಂದಲೂ ಅಲ್ಲೇ ಕಲ್ಲು ಕಡಿದವರು. ಇನ್ನೊಬ್ಬ ಹೊಸಬ, ಎಲ್ಲಿಂದಲೋ ಬಂದವನು.

ಕಡಿದ ಕಲ್ಲನ್ನು ಮರದ ಹಲಗೆಗೆ ಬಿಗಿದು, ಬೆಟ್ಟದ ಮೈಮೇಲೆ ತೋಡಿದ ಜಾರುದಾರಿಯಲ್ಲಿ ಕೆಳಗೆ ಬಿಡುವುದು ಅಲ್ಲಿನ ಪದ್ಧತಿ. ಹಳಬನಿಗೆ ತಾತ ತೋಡಿದ ಜಾರು ಇತ್ತು. ಹೊಸಬ ಬೇರೆ ಜಾರು ತೋಡಿಕೊಂಡ. ಎರಡೂ ಜಾರುಗಳು ಬಂದು ಮುಟ್ಟುವುದು ಕೆಳಗಿನ ಬಯಲಿಗೆ. ಬಯಲಿನ ಆಚೆ ಒಂದು ದಿಬ್ಬ. ದಿಬ್ಬದ ಮೇಲೆ ಗಾಡಿಗಳು ನಿಲ್ಲುತ್ತಿದ್ದವು. ಜಾರಿ ಬಂದ ಕಲ್ಲಿಗೆ ಓಟ ಸಾಲದಿದ್ದರೆ ಬಯಲಿನ ನಡುವೆ ನಿಂತುಬಿಡುತ್ತಿತ್ತು. ಅಲ್ಲಿಂದ ದಿಬ್ಬದ ಮೇಲಕ್ಕೆ ಆಳು, ಎತ್ತು, ಹಗ್ಗ, ಬೈಗುಳ ಎಲ್ಲ ಸೇರಿ ಎಳೆಯಬೇಕಿತ್ತು.

ಹಳಬನ ಕಲ್ಲು ತಾತನ ಕಾಲದಿಂದಲೂ ಬಯಲಿನ ನಡುವೆಯೇ ನಿಲ್ಲುತ್ತಿತ್ತು. ಕಲ್ಲು ನಿಲ್ಲುವುದು ಅಲ್ಲೇ ಎಂದು ಅವರು ತಿಳಿದಿದ್ದರು.

ಹೊಸಬನ ಮೊದಲ ಕಲ್ಲು ಬಯಲನ್ನು ದಾಟಿತು. ದಿಬ್ಬ ಏರಿತು. ಗಾಡಿಯ ಬಾಯಿಗೆ ಬಂದು, ಕೂಗಿ ಕರೆದ ಹಸುವಿನಂತೆ ನಿಂತಿತು.

ಆ ದಿನದಿಂದ ಹಳಬನ ಹೊಟ್ಟೆಯಲ್ಲಿ ಕೆಂಡ.

ಊರ ಒಡೆಯ ಕೆರೆಗೆ ಕೋಡಿ ಕಟ್ಟಿಸುತ್ತಿದ್ದ. ಅವನಿಗೆ ಕಲ್ಲು ಬೇಗ ಬೇಕಿತ್ತು. "ಬರುವ ಹುಣ್ಣಿಮೆಗೆ ನಾನೇ ಬಂದು ನೋಡುತ್ತೇನೆ. ಯಾರ ಕಲ್ಲು ತಾನಾಗಿ ದಿಬ್ಬ ಏರುತ್ತದೋ ಅವನು ಈ ಬೆಟ್ಟಕ್ಕೆ ಯಜಮಾನ. ಇನ್ನೊಬ್ಬ ಅವನ ಕೈಕೆಳಗೆ ದುಡಿಯಲಿ" ಎಂದ.

ತಾತನ ಬೆಟ್ಟದಲ್ಲಿ ನಿನ್ನೆ ಬಂದವನ ಕೈಕೆಳಗೆ! ಹಳಬ ತನ್ನ ಉಳಿಯನ್ನು ಬದಿಗಿಟ್ಟ. ಬಯಲಿಗೆ ಇಳಿದು ನಿಂತ. ಹೊಸಬನ ಪ್ರತಿ ಕಲ್ಲನ್ನೂ ನೋಡತೊಡಗಿದ.

ನೋಡಿ ನೋಡಿ ಅವನಿಗೆ ಒಂದು ವಿಷಯ ತಿಳಿಯಿತು. ಹೊಸಬನ ಕಲ್ಲು ಎಲ್ಲಕ್ಕಿಂತ ಜೋರಾಗಿ ಓಡುವುದು ಬಯಲಿಗೆ ಕಾಲಿಡುವ ಜಾಗದಲ್ಲಿ. ಮೇಲೆ ಅಷ್ಟು ಜೋರಿಲ್ಲ, ನಡುವೆಯೂ ಅಷ್ಟಿಲ್ಲ. ಆದರೆ ಬಯಲಿನಲ್ಲಿ ಇಳಿಜಾರೇ ಇಲ್ಲವಲ್ಲ! ನೆಲ ಚಪ್ಪಟೆ. ನೂಕುವವರು ಯಾರೂ ಇಲ್ಲ. ಯಾರೂ ನೂಕದ ಜಾಗದಲ್ಲಿ ಕಲ್ಲು ಹೀಗೆ ಹಾರುತ್ತದೆ ಎಂದರೆ ಆ ಜಾಗದಲ್ಲೇ ಏನೋ ಇರಬೇಕು.

"ಮಣ್ಣಿನಲ್ಲಿದೆ. ಅವನು ಮಣ್ಣಿಗೆ ಏನೋ ಮಾಡಿಸಿದ್ದಾನೆ" ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದ.

"ನಿಮ್ಮ ಕಣ್ಣು ನಿಮ್ಮ ಕಲ್ಲಿನ ಮೇಲೆ ಒಂದು ದಿನ ಇದ್ದಿದ್ದರೆ ಆ ಕಲ್ಲೂ ಓಡುತ್ತಿತ್ತೇನೋ. ಉಣ್ಣಿ, ಸಾರು ಆರುತ್ತದೆ" ಎಂದಳು ಅವಳು.

ಅವನು ಉಣ್ಣಲಿಲ್ಲ. ಮರುದಿನ ಮಧ್ಯಾಹ್ನ, ಹೊಸಬ ಬುತ್ತಿ ಬಿಚ್ಚುವ ಹೊತ್ತಿಗೆ, ಬುಟ್ಟಿ ಹಿಡಿದು ಬಯಲಿಗೆ ಹೋದ. ಹೊಸಬನ ಕಲ್ಲು ಓಡುವ ಜಾಗದ ಮಣ್ಣನ್ನು ಕೆರೆದು, ಬುಟ್ಟಿ ಬುಟ್ಟಿ ಹೊತ್ತು ತಂದು, ತನ್ನ ಕಲ್ಲು ನಿಲ್ಲುವ ಜಾಗಕ್ಕೆ ಹರಡಿದ. ಹಲವು ಮಧ್ಯಾಹ್ನ ಹೀಗೆ ಹೊತ್ತ. ತನ್ನ ಜಾರಿಗೂ ಅಷ್ಟು ಮಣ್ಣು ಹೊತ್ತವನಲ್ಲ.

ಕಲ್ಲು ಬಿಟ್ಟು ನೋಡಿದ. ಮೊದಲು ನಿಲ್ಲುತ್ತಿದ್ದ ಜಾಗದವರೆಗೂ ಬರಲಿಲ್ಲ. ಸಡಿಲ ಮಣ್ಣಿನಲ್ಲಿ ಮೂಗು ಹೂತು ಅಲ್ಲೇ ನಿಂತಿತು. ಹೊಸಬನ ಕಲ್ಲು ಅದೇ ದಿನ ದಿಬ್ಬದ ಮೇಲೆ ಇನ್ನೂ ಒಂದು ಮಾರು ಮುಂದೆ ಹೋಯಿತು.

ಹಳಬನ ಹೊಟ್ಟೆಯ ಕೆಂಡ ಈಗ ಉರಿಯಾಯಿತು. "ಮಣ್ಣಲ್ಲ, ನೂಕುವುದರಲ್ಲಿದೆ" ಎಂದುಕೊಂಡ. ಗಟ್ಟಿ ಆಳುಗಳನ್ನು ಕರೆದು ಜಾರಿನ ನೆತ್ತಿಯಲ್ಲಿ ನಿಲ್ಲಿಸಿದ. ಅವರು ಹೋ ಎಂದು ಕೂಗಿ ನೂಕಿದರು. ಹಲಗೆ ಚಿಮ್ಮಿ ಹೊರಟಿತು. ಹಳಬ ಮೇಲೆ ನಿಂತು ಕುಣಿದ. ಕೆಳಗೆ ಬಂದಾಗ ಕಲ್ಲು ಹಳೆಯ ಕಲ್ಲೇ. ಮೇಲೆ ಕಂಡ ಜೋರು ಕೆಳಗೆ ಕಾಣಲಿಲ್ಲ. ಇಷ್ಟೆಲ್ಲ ಕೂಗಿದ್ದಕ್ಕೆ ಎರಡು ಗೇಣು ಮುಂದೆ ಹೋಗಿತ್ತು, ಅಷ್ಟೆ.

ಕೊನೆಗೆ ಹೊತ್ತು ಎಣಿಸಿದ. ತನ್ನ ಕಲ್ಲು ಇಳಿಯುವಾಗ ಉಸಿರು ಎಣಿಸಿದ. ಹೊಸಬನ ಕಲ್ಲಿಗೂ, ಮೇಲಿನಿಂದ ಬಿಟ್ಟೆ ಎಂಬ ಕೂಗು ಕೇಳಿದ್ದೇ, ಎಣಿಸಿದ. ಮತ್ತೊಮ್ಮೆ ಎಣಿಸಿದ. ಹೊತ್ತು ಹೆಚ್ಚು ತೆಗೆದುಕೊಂಡದ್ದು ಹೊಸಬನ ಕಲ್ಲು! ಬೇಗ ಬರುವ ತನ್ನ ಕಲ್ಲು ಬಯಲಿನಲ್ಲಿ ಆಮೆ. ತಡವಾಗಿ ಬರುವ ಅವನ ಕಲ್ಲು ಬಯಲಿನಲ್ಲಿ ಕುದುರೆ.

"ಬುದ್ಧೀ, ಸ್ವಲ್ಪ ನಿಲ್ಲಿ" ಎಂದ ಭರಮಣ್ಣ. "ಅದು ಹೇಗೆ ಸಾಧ್ಯ?"

"ಹಳಬನೂ ಅದನ್ನೇ ಕೇಳಿದ" ಎಂದು ಗುರುಗಳು ಮುಂದುವರಿಸಿದರು.

ಹಳಬ ನೇರ ಹೊಸಬನ ಬಳಿಗೆ ಹೋದ. ಹೊಸಬ ಬಯಲಿನ ಅಂಚಿನಲ್ಲಿ ಹಲಗೆಗೆ ಹಗ್ಗ ಬಿಗಿಯುತ್ತಿದ್ದ.

"ಏನೋ, ಏನು ಹೂತಿಟ್ಟಿದ್ದೀ ಈ ಬಯಲಿನಲ್ಲಿ? ನಿಜ ಹೇಳು. ನಿನ್ನ ಗುಟ್ಟು ನಿನಗೇ ಇರಲಿ, ನನಗೆ ಹೆಸರು ಹೇಳಿದರೆ ಸಾಕು. ಯಾರ ಕೈಲಿ ಮಾಡಿಸಿದೆ?"

ಹೊಸಬ ತಲೆ ಎತ್ತಿದ. "ಅಣ್ಣಾ, ಬಯಲಿನಲ್ಲಿ ನನ್ನದು ಏನೂ ಇಲ್ಲ. ಇದ್ದ ಮಣ್ಣನ್ನೂ ನೀವು ಹೊತ್ತುಕೊಂಡು ಹೋದಿರಿ. ಒಳ್ಳೆಯದೇ ಆಯಿತು. ಸಡಿಲ ಮಣ್ಣು ಹೋಗಿ ನೆಲ ನುಣ್ಣಗಾಯಿತು. ಕೂಲಿ ಕೊಡಬೇಕೆಂದಿದ್ದೆ, ನೀವು ಕೈಗೇ ಸಿಗಲಿಲ್ಲ."

ಹಳಬನ ಮುಖ ಕಪ್ಪಿಟ್ಟಿತು.

"ಬನ್ನಿ" ಎಂದು ಹೊಸಬ ಬೆಟ್ಟ ಹತ್ತಿದ. ಹಳಬ ಹಿಂದೆ ಹತ್ತಿದ. ತನ್ನ ಜಾರಿನ ನೆತ್ತಿ ಬಂದಿತು. ಹೊಸಬ ನಿಲ್ಲಲಿಲ್ಲ. ಬಂಡೆಯ ಮಗ್ಗುಲು ಬಳಸಿ ಇನ್ನೂ ಮೇಲೆ ಹತ್ತಿದ. ಕೆಳಗಿನ ಬಯಲಿನಿಂದ ಆ ಜಾಗ ಕಾಣುತ್ತಿರಲಿಲ್ಲ. ಅಲ್ಲಿ ಹೊಸಬನ ಜಾರು ಶುರುವಾಗುತ್ತಿತ್ತು. ಶುರುವಿನಲ್ಲಿ ಇಳಿಜಾರು ಎಷ್ಟು ಮೆತ್ತಗಿತ್ತೆಂದರೆ ಅಲ್ಲಿ ಬಿಟ್ಟ ಕಲ್ಲು ಹೊರಡಲೋ ಬೇಡವೋ ಎಂದು ಯೋಚಿಸುವಂತಿತ್ತು. ಹೊತ್ತೆಲ್ಲ ಹೋಗುತ್ತಿದ್ದುದು ಇಲ್ಲಿ.

ಹಳಬ ಆ ದಾರಿಯನ್ನು ಕೆಳಗಿನವರೆಗೂ ನೋಡಿದ. ಒರಟು ಇದ್ದಲ್ಲೆಲ್ಲ ಹೊಸಬ ಉಜ್ಜಿ ನಯ ಮಾಡಿದ್ದ. "ಇಷ್ಟನ್ನು ಯಾವಾಗ ಕಡಿದೆ ನೀನು?"

"ದಾರಿ ತೋಡಿದ್ದು ಮೊದಲ ಕಲ್ಲಿಗೆ ಮುಂಚೆಯೇ. ನಯ ಮಾಡಿದ್ದು, ನೀವು ಕೆಳಗೆ ನಿಂತು ನನ್ನ ಕಲ್ಲು ನೋಡುತ್ತಿದ್ದಿರಲ್ಲ ಅಣ್ಣಾ, ಆಗೆಲ್ಲ."

ಹಳಬ ಇನ್ನೊಂದು ಪ್ರಶ್ನೆ ಕೇಳಿದ. "ಕಲ್ಲು ದಿಬ್ಬ ಏರುತ್ತದೆ ಎಂದು ಬಿಡುವ ಮೊದಲೇ ನಿನಗೆ ಹೇಗೆ ಗೊತ್ತಾಯಿತು?"

ಹೊಸಬ ಬಂಡೆಯ ಸಂದಿಯಿಂದ ಒಂದು ಮಣ್ಣಿನ ಗಡಿಗೆ ತೆಗೆದ. ಅದರ ತುಂಬ ಬೆಣಚುಕಲ್ಲು.

"ದಾರಿಯನ್ನು ಒಂದೊಂದು ಬಿದಿರು ಗಳದಷ್ಟು ಉದ್ದಕ್ಕೆ ಭಾಗ ಮಾಡಿದೆ. ಪ್ರತಿ ಭಾಗದಲ್ಲೂ ಹಲಗೆಯನ್ನು ನಿಲ್ಲಿಸಿ, ಹಗ್ಗ ಕಟ್ಟಿ, ಹಗ್ಗವನ್ನು ಮೇಲಿನ ರಾಟೆಗೆ ಹಾಯಿಸಿ, ಆಚೆ ತುದಿಗೆ ಬುಟ್ಟಿ ಕಟ್ಟಿದೆ. ಹಲಗೆ ಜಾರದಂತೆ ತಡೆಯಲು ಬುಟ್ಟಿಗೆ ಎಷ್ಟು ಬೆಣಚು ಬೇಕಾಯಿತೋ, ಆ ಜಾಗ ಹಲಗೆಯನ್ನು ಅಷ್ಟು ಎಳೆಯುತ್ತದೆ ಎಂದು ಅರ್ಥ. ಅಷ್ಟನ್ನು ಗಡಿಗೆಗೆ ಹಾಕಿದೆ. ಕೆಲವು ಕಡೆ ನೆಲ ಒರಟು, ಹಲಗೆ ತಾನಾಗಿ ಜಾರಲೇ ಇಲ್ಲ. ಅದನ್ನು ಜಾರಿಸಲು ಎಷ್ಟು ಬೇಕಾಯಿತೋ ಅಷ್ಟನ್ನು ಗಡಿಗೆಯಿಂದ ತೆಗೆದೆ. ಹೀಗೆ ಹಾಕುತ್ತ, ತೆಗೆಯುತ್ತ ಬಯಲಿನವರೆಗೆ ಇಳಿದೆ. ಬಯಲಿಗೆ ಬಂದಾಗ ಗಡಿಗೆಯಲ್ಲಿ ಉಳಿದದ್ದೇ ಕಲ್ಲಿನ ಓಟದ ಬಂಡವಾಳ. ಬಯಲು ದಾಟಿ ದಿಬ್ಬ ಏರಲು ಬೇಕಾದದ್ದು ಅದಕ್ಕಿಂತ ಕಡಿಮೆ ಇತ್ತು."

"ಬಯಲಿನಲ್ಲಿ ಎಷ್ಟು ಹಾಕಿದೆ?"

"ಬಯಲಿನಲ್ಲಿ ಹಾಕಲಿಕ್ಕೆ ಏನಿದೆ ಅಣ್ಣಾ? ಅಲ್ಲಿ ಒಂದು ಬೆಣಚೂ ಹುಟ್ಟುವುದಿಲ್ಲ. ಆದರೆ ಗಡಿಗೆ ಎಲ್ಲಕ್ಕಿಂತ ತುಂಬಿರುವುದು ಅಲ್ಲೇ."

ಹಳಬ ಗಡಿಗೆಯನ್ನು ಎತ್ತಿ ನೋಡಿದ. ಭಾರವಿತ್ತು. "ಹಾಗಾದರೆ ಇದರ ಎರಡರಷ್ಟು ತುಂಬಿದರೆ ನನ್ನ ಕಲ್ಲು ನಿನ್ನದರ ಎರಡರಷ್ಟು ಓಡುತ್ತದೆ!" ಅಷ್ಟರಲ್ಲೂ ಅವನ ಆಸೆ ಆರಿರಲಿಲ್ಲ.

"ಓಡುವುದಿಲ್ಲ. ಎರಡರಷ್ಟು ಎತ್ತರಕ್ಕೆ ದಿಬ್ಬ ಏರೀತು. ಓಟ ಎರಡರಷ್ಟಾಗಬೇಕಾದರೆ ಗಡಿಗೆ ನಾಲ್ಕರಷ್ಟು ತುಂಬಬೇಕು. ಮೂರರಷ್ಟಾಗಬೇಕಾದರೆ ಒಂಬತ್ತರಷ್ಟು."

"ಮತ್ತೆ ನನ್ನ ಆಳುಗಳು ನೂಕಿದ್ದು?"

"ಅದೂ ಗಡಿಗೆಗೇ ಬಿತ್ತು. ಎರಡು ಬೆಣಚು. ಖಾಲಿ ಗಡಿಗೆಯಲ್ಲಿ ಎರಡು ಬೆಣಚು ಬಹಳ ಸದ್ದು ಮಾಡುತ್ತವೆ ಅಣ್ಣಾ. ತುಂಬಿದ ಗಡಿಗೆಯಲ್ಲಿ ಕೇಳಿಸುವುದಿಲ್ಲ."

ಹುಣ್ಣಿಮೆ ಬಂದಿತು. ಒಡೆಯ ಬಂದ. ಹೊಸಬನ ಕಲ್ಲು ದಿಬ್ಬ ಏರಿತು, ಹಳಬನ ಕಲ್ಲು ಬಯಲಿನಲ್ಲಿ ನಿಂತಿತು. ಹಳಬ ತಾನೇ ಹೊತ್ತು ತಂದ ಮಣ್ಣಿನಲ್ಲಿ ನಿಂತಿತು. ಹೊಸಬ ಬೆಟ್ಟಕ್ಕೆ ಯಜಮಾನನಾದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಭರಮಣ್ಣ ಚುರುಕು ಎಂದೆನಲ್ಲ, ಅದು ಸುಳ್ಳಲ್ಲ. ಕತೆ ಮುಗಿಯುವ ಹೊತ್ತಿಗೆ ಅವನ ಕಣ್ಣು ಮರಳಿನ ಮೇಲಿದ್ದ ನಿನ್ನೆಯ ಇಳಿಜಾರಿನ ಮೇಲಿತ್ತು. "ಅಂದರೆ ಬುದ್ಧೀ, ಚನ್ನಮಲ್ಲ ಬೆರಳು ಆಡಿಸಿದ್ದು ಬೆಣಚು ಹಾಕಿದ ಹಾಗೆ. ಜಾಗ ಜಾಗದ ಎಳೆತವನ್ನು ಆ ಜಾಗದ ಉದ್ದದಿಂದ ಗುಣಿಸಿ ಕೂಡಿಸುತ್ತ ಹೋದ. ಗುಂಡಿನ ತೂಕ ಒಂದೆಂದು ಹಿಡಿದರೆ, ಬಂದ ಮೊತ್ತ ವೇಗವಲ್ಲ, ವೇಗದ ವರ್ಗದ ಅರ್ಧ. ಅದನ್ನು ಇಮ್ಮಡಿ ಮಾಡಿ ವರ್ಗಮೂಲ ತೆಗೆದರೆ ವೇಗ. ಹೊತ್ತು ಬೇಕಾಗಲೇ ಇಲ್ಲ!"

"ಎಳೆತ ಹೊತ್ತಿಗೆ ತಕ್ಕಂತೆ ಬದಲಾಗುವಲ್ಲಿ ಹೊತ್ತನ್ನು ಕೇಳು. ಜಾಗಕ್ಕೆ ತಕ್ಕಂತೆ ಬದಲಾಗುವಲ್ಲಿ ಜಾಗವನ್ನು ಕೇಳು" ಎಂದರು ಗುರುಗಳು. "ಚನ್ನಮಲ್ಲ ಇಲ್ಲಿಗೆ ಬರುವ ಮೊದಲು ಎಲ್ಲಿದ್ದ, ಎಷ್ಟು ವರ್ಷ ಲೆಕ್ಕ ಮಾಡಿದ ಎಂದು ನೀನು ಎಂದಾದರೂ ಕೇಳಿದ್ದೀಯಾ?"

ಭರಮಣ್ಣ ಕೇಳಿರಲಿಲ್ಲ. ಕೇಳಬೇಕು ಎಂದೂ ಅನ್ನಿಸಿರಲಿಲ್ಲ. ಆ ಪ್ರಶ್ನೆಯನ್ನು ಅವನು ಮೆಲ್ಲಗೆ ಬದಿಗೆ ಸರಿಸಿದ. ಲೆಕ್ಕ ತಿಳಿದ ಖುಷಿ ಅವನಿಗೆ ಏರಿತ್ತು. ನಾಳಿನ ಆಸನ ಮತ್ತೆ ಕಣ್ಣ ಮುಂದೆ ಬಂದಿತು. ಎದೆ ಉಬ್ಬಿಸಿ ದೊಡ್ಡದಾಗಿ ನಕ್ಕ.

"ಏನೇ ಹೇಳಿ ಬುದ್ಧೀ, ಆ ಹಳಬನಂಥ ಮೂಳ ನಮ್ಮ ಹಳ್ಳಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಇನ್ನೊಬ್ಬನ ಕಲ್ಲು ಓಡಿದ ನೆಲದ ಮಣ್ಣು ಕದ್ದು ಹಾಸಿಕೊಂಡರೆ ತನಗೆ ಓಟ ಬರುತ್ತದೆಯೇ? ಹೊಟ್ಟೆಕಿಚ್ಚು ಯಾರಿಗೆ ಬರುವುದಿಲ್ಲ ಹೇಳಿ. ಆದರೆ ಅದಕ್ಕೂ ಒಂದು ಬುದ್ಧಿ ಬೇಡವೇ? ನಾನಾಗಿದ್ದರೆ ಮೊದಲ ದಿನವೇ ಬೆಟ್ಟ ಹತ್ತುತ್ತಿದ್ದೆ."

ಗುರುಗಳು ಕೇಳಿದರು: "ನೀನು ಕೂತಿರುವ ಚಾಪೆ ಯಾರದು?"

ಭರಮಣ್ಣನ ನಗು ಬಾಯಲ್ಲೇ ನಿಂತಿತು. ತೊಡೆಯ ಕೆಳಗೆ ಮಡಚಿದ್ದ ಅಂಚು ಸರಿದಿತ್ತು. ಅಲ್ಲಿ ಕೆಂಪು ನೂಲಿನ ಹೊಲಿಗೆ ಕಾಣುತ್ತಿತ್ತು. ಮಠದಲ್ಲಿ ಕೆಂಪು ಹೊಲಿಗೆಯ ಚಾಪೆ ಒಂದೇ ಇದ್ದದ್ದು, ಅದು ಚನ್ನಮಲ್ಲನದು. ಆ ಬೆಳಿಗ್ಗೆ ಚನ್ನಮಲ್ಲ ಬರಿ ನೆಲದ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದುದನ್ನು ಎಲ್ಲರೂ ನೋಡಿದ್ದರು.

ಅವನು ಎದ್ದು ಚಾಪೆ ಸುತ್ತಿದ.

ಮರುದಿನ ಸಂಜೆ ಗೋಷ್ಠಿಯ ಆಸನ ಚನ್ನಮಲ್ಲನಿಗೆ ಸಿಕ್ಕಿತು. ಭರಮಣ್ಣನಿಗೆ ಗುರುಗಳು ಕೊಟ್ಟದ್ದು ಒಂದು ಖಾಲಿ ಗಡಿಗೆ, ಮೇಲಿನಿಂದ ತುಂಬುತ್ತ ಬಾ ಎಂದು.